ಮೀನಮೀಮಾಂಸೆ: ಬಂಡೆ ಬಿಡದ ಗಾರಾ

ಗಾರಾ ಮುಲ್ಯ ಎಂಬ ಬೆರಳುದ್ದದ ಮೀನು ಬೆಳ್ತಂಗಡಿ ತಾಲೂಕಿನ ತೊರೆಗಳಲ್ಲಿ ಬಂಡೆಗೆ ಗದ್ದ ಒತ್ತಿಕೊಂಡು ಬದುಕುತ್ತಿದೆ. ಇದರ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಇದುವರೆಗೆ ಒಂದು ಜಗಳವೂ ಆಗದಿರುವುದು ನಾಚಿಕೆಗೇಡು. ಆ ಕೊರತೆ ನೀಗಿಸಲೆಂದೇ ಈ ಪ್ರಬಂಧ.

ಮೊದಲು ಲಕ್ಷಣ. ಹೊಟ್ಟೆ ಚಪ್ಪಟೆ. ಎದೆಯ ರೆಕ್ಕೆಗಳು ಅಡ್ಡಕ್ಕೆ ಹರಡಿಕೊಂಡಿವೆ. ಬಾಯಿ ಮುಖದ ಅಡಿಯಲ್ಲಿ. ಅದರ ಹಿಂದೆಯೇ ಗದ್ದಕ್ಕೊಂದು ದುಂಡನೆಯ ಮೆತ್ತೆ. ನೀರು ಎಷ್ಟೇ ರಭಸದಿಂದ ನುಗ್ಗಲಿ, ಮೆತ್ತೆಯನ್ನು ಕಲ್ಲಿಗೊತ್ತಿ ನಿಲ್ಲುತ್ತದೆ. ಅದೇ ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ. ಕೂತ ಜಾಗವನ್ನೇ ಮೇಯುತ್ತ, ಜಾಗ ಬಿಡದೆ ಬಾಳುವ ಈ ವಿದ್ಯೆಗೆ ಸಂಘಸಂಸ್ಥೆಗಳ ಅಧ್ಯಕ್ಷರಲ್ಲಿ ಸಿಗುವ ನಿದರ್ಶನಗಳನ್ನು ಮುಂದಿನ ಚುನಾವಣೆ ಮುಗಿಯುವವರೆಗೆ ಕಾಯ್ದಿರಿಸಿದ್ದೇವೆ.

ಇನ್ನು ಮೂಲ. 1839ರಲ್ಲಿ ಇದನ್ನು ದಖ್ಖನ್ನಿನಿಂದ ವರ್ಣಿಸಿದವರು ಸೈಕ್ಸ್ ಎಂಬ ಸೇನಾಧಿಕಾರಿ. ಮೀನಿಗೆ ಮಿಲಿಟರಿ ಶಿಸ್ತು ಬಂದದ್ದು ಹೀಗೆ. ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸುಂದರಲಾಲ್ ಹೋರಾ ಅವರು ಇಂಥ ತೊರೆಮೀನುಗಳ ಪೂರ್ವಜರು ಮಲಯದ ಕಡೆಯಿಂದ ಸಾತ್ಪುಡಾ ಬೆಟ್ಟಗಳ ಹಾದಿಯಾಗಿ ಪಶ್ಚಿಮ ಘಟ್ಟಕ್ಕೆ ಬಂದರೆಂದು ವಾದಿಸಿದರು. ಆಮೇಲಿನವರು ಈ ವಾದವನ್ನು ಪ್ರಶ್ನಿಸಿದರು. ಗುಡ್ಡ ಜರಿದಾಗ ಬಸ್ಸೇ ಇಳಿಯಲಾಗದ ಚಾರ್ಮಾಡಿ ಘಾಟಿಯನ್ನು ಕಂಡವರಿಗೆ ಆ ಸಂಶಯ ಸಹಜ.

ಈಗ ಜಗಳ, ಊರಿಗೊಂದು ಪಂಥದಂತೆ. ಮೂಡುಬಿದಿರೆ ಪಂಥ ಇನ್ನೂ ಅಭಿಪ್ರಾಯ ತಿಳಿಸಿಲ್ಲ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕಂಬಗಳನ್ನು ಎಣಿಸಿ ಮುಗಿದ ಮೇಲೆ ಮೀನಿಗೆ ಬರುತ್ತಾರಂತೆ. ಅಲ್ಲಿಯವರೆಗೆ ಮೀನಮೇಷವೇ ಗತಿ. ಊರಿನಲ್ಲಿ 18 ಬಸದಿ, 18 ಕೆರೆ ಎಂಬ ಲೆಕ್ಕವೇನೋ ಇದೆ. ಆದರೆ ಕೆರೆ ಈ ಮೀನಿಗೆ ಆಗಿಬರುವುದಿಲ್ಲ.

ಬಂಟ್ವಾಳ ಪಂಥದ ಪೂರ್ವಪಕ್ಷ ಗಟ್ಟಿಯಾಗಿದೆ. 1923ರ ಮಾರಿಬೊಳ್ಳವೆಂಬ ಮಹಾಪ್ರವಾಹದಲ್ಲಿ, ಮತ್ತೆ 1974ರಲ್ಲಿ ನೇತ್ರಾವತಿ ಹೊಳೆ ಪೇಟೆಗೇ ನುಗ್ಗಿತು. ಮನುಷ್ಯರು ಮನೆ ಬಿಟ್ಟರು. ಮೀನು ಕಲ್ಲು ಬಿಟ್ಟದ್ದಕ್ಕೆ ದಾಖಲೆಯಿಲ್ಲ, ಆದ್ದರಿಂದ ಬಿಟ್ಟಿಲ್ಲ. ಇಷ್ಟು ಗಟ್ಟಿಗ ಮೀನು ಘಟ್ಟದ ಬುಡದಲ್ಲಿ ಪರದಾಡುವ ಬದಲು ತುಂಬೆಯ ಕಿಂಡಿ ಅಣೆಕಟ್ಟಿನ ಹಿನ್ನೀರಿಗೆ ಇಳಿದು ಹಾಯಾಗಿರಬಾರದೇ?

ಬೆಳ್ತಂಗಡಿ ಪಂಥದ ಉತ್ತರ ಇಲ್ಲಿದೆ. ಬಂಡಾಜೆ ಅರ್ಬಿ ಜಲಪಾತದ ಕೆಳಗೋ ದಿಡುಪೆಯಲ್ಲೋ ಬಂಡೆಗೆ ಬಡಿದು ನೊರೆಯೇಳುವ ನೀರಿನಲ್ಲಿ ಗಾಳಿ ಬೆರೆಯುತ್ತದೆ, ಕಲ್ಲಿನ ಮೇಲೆ ಹೂಳು ಕೂರುವುದಿಲ್ಲ, ಬಿಸಿಲು ಬಿದ್ದಲ್ಲಿ ಪಾಚಿ ಚಿಗುರುತ್ತದೆ. ನೀರು ನಿಂತರೆ ಕಲ್ಲಿಗೆ ಕೆಸರು ಮೆತ್ತುತ್ತದೆ. ಊಟವೂ ಹೋಯಿತು, ಹಿಡಿತವೂ ಹೋಯಿತು. ಬೊಳ್ಳಕ್ಕೆ ಜಗ್ಗದ ಮೀನಿಗೆ ನಿಂತ ನೀರೇ ಕಷ್ಟ. ಹೊಳೆಗೆ ಅಡ್ಡ ಕಟ್ಟುವವರು ಈ ಒಂದು ವಾಕ್ಯವನ್ನಾದರೂ ಗಂಭೀರವಾಗಿ ಓದಬೇಕು. ಉಳಿದದ್ದನ್ನು ಓದದಿದ್ದರೂ ನಡೆದೀತು.

ಕೊನೆಯದಾಗಿ ಸ್ಥಾನಮಾನದ ಪ್ರಶ್ನೆ. ಇದೇ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೊಡ್ಡ ಮೀನುಗಳು ದೇವರ ಮೀನುಗಳು. ಭಕ್ತರು ತಿನ್ನಲು ಹಾಕುತ್ತಾರೆ. ಯಾರೋ ವಿಷ ಹಾಕಿ ಕೊಂದಾಗ ಊರವರು ಸತ್ತ ಮೀನುಗಳಿಗೆ ಸ್ಮಾರಕವನ್ನೂ ಕಟ್ಟಿದರು. ನಮ್ಮ ಬೆರಳುದ್ದದವನಿಗೆ ದೇವರೂ ಇಲ್ಲ, ಸ್ಮಾರಕವೂ ಇಲ್ಲ. ಬೇಸಿಗೆಯಲ್ಲಿ ತೊರೆಯ ಗುಂಡಿಗೆ ತೋಟೆ ಎಸೆಯುವ, ಬ್ಲೀಚಿಂಗ್ ಪುಡಿ ಸುರಿಯುವ ಮಹನೀಯರೇ, ದಯವಿಟ್ಟು ಸಂತೆಯಿಂದ ಬಂಗುಡೆ ತನ್ನಿ.