ಹಿಮ್ಮಡಿ ಮಾವ

ಜನರನ್ನು ಮುಖ ನೋಡಿ ಗುರುತು ಹಿಡಿಯುವವರು ಸಾಮಾನ್ಯರು. ಕಾಲು ನೋಡಿ ಗುರುತು ಹಿಡಿಯುವ ಒಂದು ಪಂಥ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಇನ್ನೂ ಉಳಿದಿದೆ. ಅರ್ಧ ತೋಳಿನ ಬನಿಯನ್ನು, ಮೇಲಕ್ಕೆತ್ತಿ ಕಟ್ಟಿದ ಪಂಚೆ, ಕಾಲ ಮೇಲೆ ಕಾಲು. ಮೇಲಿನ ಕಾಲಿನ ಅಂಗಾಲು ಎದುರಿಗೆ ಕೂತವನ ಕಾಫಿ ಲೋಟಕ್ಕೆ ಗೇಣು ದೂರ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಮಿಕ್ಕವರನ್ನೂ ನಡೆಯಿಸುವವರು, ಸಂಪಿಗೆ ರಸ್ತೆಯ ಚಪ್ಪಲಿ ಅಂಗಡಿಯವನಿಗೆ ಅಟ್ಟೆಯ ಪಾಠ ಹೇಳುವವರು, ಎಲ್ಲ ಇದೇ ಪಂಥ. 1898ರ ಪ್ಲೇಗಿನ ತರುವಾಯ ಜನ ಆರೋಗ್ಯವಾಗಿರಲೆಂದೇ ಬೆಳೆದ ಬಡಾವಣೆಗಳಲ್ಲವೇ ಬಸವನಗುಡಿ, ಮಲ್ಲೇಶ್ವರ? ಆರೋಗ್ಯದ ಉಪದೇಶ ಇಲ್ಲಿನ ನೆಲದ ಗುಣ. ನಮ್ಮ ಮನೆಗಂತೂ ಪಂಥದ ಪೀಠಾಧಿಪತಿಯೇ ದಕ್ಕಿದ್ದಾರೆ: ನನ್ನ ಸೋದರಮಾವ.

ಮಾವನ ಬದುಕಿನಲ್ಲಿ ಎರಡು ಯುಗ. ಮೊದಲನೆಯದು ಬ್ಲೇಡಿನ ಯುಗ. ಭಾನುವಾರ ಎಣ್ಣೆಸ್ನಾನ ಮುಗಿಸಿ ಜಗಲಿಗೆ ಬಂದು, ಗಡ್ಡದ ಬ್ಲೇಡನ್ನು ಅರ್ಧಕ್ಕೆ ಮುರಿದು, ಮೆತ್ತಗಾದ ಹಿಮ್ಮಡಿಯನ್ನು ಹೆರೆಯಲು ಕೂರುತ್ತಿದ್ದರು. ಕೆಳಗೆ ಅಂದಿನ ಪತ್ರಿಕೆ ಹಾಸುವುದು ವಾಡಿಕೆ. ಒಮ್ಮೆ ಹಾಸಿದ ಪುಟದಲ್ಲಿ ನನ್ನ ಪ್ರಬಂಧವಿತ್ತು. ಬೇರೆ ಪುಟ ಹಾಸಿಕೊಳ್ಳಬಾರದೇ ಮಾವ ಎಂದರೆ, “ಇದು ಒಳ್ಳೇ ಉದ್ದ ಇದೆ ಕಣೋ, ಆಚೆ ಈಚೆ ಚೆಲ್ಲೋದಿಲ್ಲ” ಅಂದರು. ನನ್ನ ಬರವಣಿಗೆಯ ಬಗ್ಗೆ ಅಷ್ಟು ನೇರವಾದ ವಿಮರ್ಶೆ ಆಮೇಲೆ ಬಂದಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಊರೆಲ್ಲ ಕಡಲೆಕಾಯಿ ರಾಶಿ ನೋಡಿದರೆ ಮಾವ ನೋಡುವುದು ಜನರ ಹಿಮ್ಮಡಿ. ಚಳಿ ಶುರುವಾಗಿ ಗಾಳಿ ಒಣಗುವ ಕಾಲ. ಹವಾಯಿ ಚಪ್ಪಲಿಯ ಬೆಂಗಳೂರಿಗೆ ಬಿರುಕಿನ ಸುಗ್ಗಿ. “ಅಂಗಾಲಲ್ಲಿ ಬೆವರಿನ ಗ್ರಂಥಿ ಬೇಕಾದಷ್ಟಿದೆ, ಎಣ್ಣೆ ಗ್ರಂಥಿ ಒಂದೂ ಇಲ್ಲ. ಮೈಭಾರ ಬಿದ್ದಾಗ ಹಿಮ್ಮಡಿ ಪಕ್ಕಕ್ಕೆ ಹರಡುತ್ತೆ. ಅಕ್ಕಿರೊಟ್ಟಿ ಹಿಟ್ಟು ಗಟ್ಟಿಯಾದರೆ ತಟ್ಟುವಾಗ ಅಂಚು ಬಿರಿಯೋದಿಲ್ವೇ, ಹಾಗೆ ಇದು!” ಎಂದು ಒಮ್ಮೆ ಭಕ್ತಾದಿಗಳ ನಡುವೆ ನನ್ನನ್ನು ನಿಲ್ಲಿಸಿಕೊಂಡು ವಿವರಿಸಿದರು. ಅಂದಿನಿಂದ ನನಗೆ ಅಕ್ಕಿರೊಟ್ಟಿ ಸೇರುವುದಿಲ್ಲ.

ಬ್ಲೇಡಿನ ಯುಗ ಮುಗಿದದ್ದು ರಂಗೋಲಿಯ ಮೇಲೆ. ತಮಗೆ ಸಕ್ಕರೆ ಕಾಯಿಲೆ ಇರುವುದು ಮಾವನಿಗೆ ಗೊತ್ತಿತ್ತು. ಅದು ಪಾದದ ನರಗಳನ್ನು ಮೆಲ್ಲಗೆ ಮರಗಟ್ಟಿಸಿದ್ದು ಗೊತ್ತಿರಲಿಲ್ಲ. ಬ್ಲೇಡು ಒಳಕ್ಕಿಳಿದದ್ದು ತಿಳಿಯಲೇ ಇಲ್ಲ. ಎದ್ದು ಮನೆಯೆಲ್ಲ ಓಡಾಡಿದರು. ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಕೆಂಪಿನ ಮೇಲೆ ಕೆಂಪು ಯಾರಿಗೆ ಕಾಣಬೇಕು? ದೇವರಮನೆ ಮುಂದಿನ ಬಿಳಿ ರಂಗೋಲಿ ತುಳಿದಾಗ ಅತ್ತೆ ಕಿರುಚಿಕೊಂಡರು. ಡಾಕ್ಟರು ನೈಲಾನಿನ ಸಣ್ಣ ಎಳೆಯೊಂದನ್ನು ಅಂಗಾಲಿಗೆ ಒತ್ತಿ “ತಿಳೀತಾ?” ಎಂದು ಕೇಳಿದರಂತೆ. “ಒತ್ತಿ ಡಾಕ್ಟ್ರೇ, ಕಾಯ್ತಾ ಇದೀನಿ” ಅಂದರಂತೆ ಮಾವ. ಅಷ್ಟು ಹೊತ್ತಿಗೆ ನಾಲ್ಕು ಕಡೆ ಒತ್ತಿ ಆಗಿತ್ತು. ದೀಪಾವಳಿಯ ಗಾಯ ಯುಗಾದಿಗೆ ಮಾಗಿತು.

ಆಮೇಲೆ ಉಪದೇಶದ ಯುಗ. ಇದಕ್ಕಿಂತ ಬ್ಲೇಡೇ ವಾಸಿಯಿತ್ತು ಎಂದು ನಾವೆಲ್ಲ ಒಳಗೊಳಗೇ ಅಂದುಕೊಂಡದ್ದುಂಟು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎಲ್ಲರೂ ಹುಡುಗನ ಮುಖ ನೋಡುತ್ತಿದ್ದರೆ, ಮಾವ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹುಡುಗನ ತಂದೆಯ ಹಿಮ್ಮಡಿ ನೋಡಿದರು. ಬಿರುಕಿನೊಳಗೆ ಜಲ್ಲಿಯ ಚೂರೊಂದು ಕಚ್ಚಿಕೊಂಡಿದೆ, ಆ ಮಹಾನುಭಾವರಿಗೆ ಅದರ ಸುಳಿವೇ ಇಲ್ಲ. ಕೇಸರಿಬಾತು ಮುಗಿದು ಕಾಫಿ ಬಂತು.

“ತಮಗೆ ಸಕ್ಕರೆ ಇದೆಯೋ?” ಮಾವ ಕೇಳಿದರು.

ಅವರು ಒಂದು ಗುಟುಕು ಕುಡಿದು ನೋಡಿ, “ಇದೆ, ಇದೆ. ಇನ್ನರ್ಧ ಚಮಚ ಇದ್ದರೂ ಬೇಡ ಅನ್ನೋದಿಲ್ಲ” ಎಂದರು.

“ಲೋಟದಲ್ಲಲ್ಲ ಸ್ವಾಮಿ, ಮೈಯಲ್ಲಿ!”

ಅಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಯಲ್ಲೇ ನಿಂತಳು. ಮಾವ ಆಗಲೇ ನೆಲಕ್ಕೆ ಕೂತು, ಬೀಗರಾಗಬೇಕಾದವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಜಲ್ಲಿ ಚೂರನ್ನು ತೆಗೆದು ಎಲ್ಲರಿಗೂ ತೋರಿಸುತ್ತಿದ್ದರು. ಹುಡುಗಿ ಹಾಡಿದ್ದನ್ನು ಯಾರೂ ಕೇಳಲಿಲ್ಲ. ಸಂಬಂಧ ಕುದುರಲಿಲ್ಲ. ಕೆಲವು ವಾರ ಕಳೆದು ಆ ತಂದೆ ಒಬ್ಬರೇ ಬಂದು, ರಕ್ತಪರೀಕ್ಷೆಯ ಚೀಟಿ ಕೈಯಲ್ಲಿ ಹಿಡಿದು, “ನಿಮ್ಮ ಭಾವಮೈದ ಇದ್ದಾರಾ?” ಎಂದು ಅಪ್ಪನನ್ನು ಕೇಳಿದರು. ತಂಗಿ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾಳೆ. ಮಾವನನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.

ಈಗ ಮಾವ ಬಂದರೆ ನಾನು ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಳ್ಳುತ್ತೇನೆ. ನನ್ನ ಹಿಮ್ಮಡಿಯೇನೂ ಪ್ರದರ್ಶನಯೋಗ್ಯವಲ್ಲ. ರಾತ್ರಿ ಹೊದಿಕೆಯ ದಾರ ಸಿಕ್ಕಿ ಎಳೆಯುತ್ತದೆ. ಆದರೂ ಬಿಡರು. ಅವರ ಸಂಹಿತೆ ನನಗೆ ಬಾಯಿಪಾಠ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ, ಹೆಚ್ಚು ಬೇಡ. ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ, ದಿನಕ್ಕಿಷ್ಟೇ ಎಂದು. ಒಂದೇ ಸಲಕ್ಕೆ ಹಸುಳೆಯ ಪಾದ ಮಾಡಲು ಹೊರಡಬಾರದು, ಆ ದಪ್ಪ ಚರ್ಮ ನಮ್ಮ ಕಾವಲಿಗೇ ಬೆಳೆದದ್ದು. ಬೆರಳ ಸಂದಿಯನ್ನೂ ಒರೆಸಿ ಒಣಗಿಸಬೇಕು. ಆಮೇಲೆ ವ್ಯಾಸಲೀನು ಅಥವಾ ಯೂರಿಯಾ ಇರುವ ಮುಲಾಮು, ಬೆರಳ ಸಂದಿ ಬಿಟ್ಟು. ಮಲಗುವಾಗ ಹತ್ತಿಯ ಕಾಲುಚೀಲ. ವಠಾರದ ಬಚ್ಚಲಲ್ಲಿ ಎಲ್ಲ ಸಂಸಾರಕ್ಕೂ ಒಂದೇ ಕಲ್ಲಿದ್ದ ಕಾಲವನ್ನು ನೆನೆದು ಬೆಚ್ಚುತ್ತಾರೆ: “ಕಲ್ಲು ಒಂದು, ಶಿಲೀಂಧ್ರ ಎಲ್ಲರಿಗೂ!”

ಸಕ್ಕರೆ ಇದ್ದವರಿಗೆ ಸಂಹಿತೆಯೇ ಬೇರೆ, ಅಲ್ಲಿ ದನಿಯೂ ಬೇರೆ. ಕಾಲು ನೆನೆಹಾಕಬೇಡಿ, ನೀವೇ ಹೆರೆಯಬೇಡಿ, ಆಣಿಗೆ ಹಚ್ಚುವ ಪಟ್ಟಿ ಮುಟ್ಟಬೇಡಿ. ಅದರೊಳಗಿನ ಸ್ಯಾಲಿಸಿಲಿಕ್ ಆಮ್ಲಕ್ಕೆ ಸತ್ತ ಚರ್ಮ, ಬದುಕಿದ ಚರ್ಮ ಎಂಬ ಭೇದವಿಲ್ಲ. ಮನೆಯೊಳಗೂ ಬರಿಗಾಲು ಬೇಡ. ಸ್ನಾನದ ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ನೋಡಿ. ಇದನ್ನು ಹೇಳುವಾಗ ಮಾವ ತಮಾಷೆ ಮಾಡುವುದಿಲ್ಲ. ಒಂದು ಕಾಲದಲ್ಲಿ ಪಾರ್ಕಿನ ಹುಲ್ಲಿನ ತಂಪನ್ನು ಹಾಡಿ ಹೊಗಳುತ್ತಿದ್ದವರು ಈಗ ಬೂಟು ಹಾಕಿ ಅದೇ ಹುಲ್ಲಿನ ಅಂಚಿನಲ್ಲಿ ನಡೆಯುತ್ತಾರೆ. “ತಂಪಾಗಿದೆಯೇನೋ?” ಎಂದು ನನ್ನನ್ನು ಕೇಳುತ್ತಾರೆ. ಇದೆ ಮಾವ ಎನ್ನುತ್ತೇನೆ.

ಹಿರಿಯರ ಪಾದಕ್ಕೆ ಬೀಳುವ ಅಭ್ಯಾಸ ನಮಗಿದೆ, ನಮ್ಮ ಪಾದವನ್ನು ತಿರುಗಿಸಿ ನೋಡುವ ಅಭ್ಯಾಸವಿಲ್ಲ. ನೋಯುವ ಕಾಲನ್ನು ಯಾರಾದರೂ ನೋಡಿಕೊಳ್ಳುತ್ತಾರೆ. ನೋಯದ ಕಾಲಿಗೇ ಕಾವಲು ಬೇಕು. ನಿಮ್ಮ ಮನೆಯಲ್ಲಿ ಇಂಥ ಮಾವನಿಲ್ಲದಿದ್ದರೆ ರಾತ್ರಿ ನೀವೇ ಒಂದು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬ್ಲೇಡನ್ನು ಗಡ್ಡಕ್ಕೇ ಬಿಡಿ. ಸಕ್ಕರೆ ಇದ್ದರೆ ವರ್ಷಕ್ಕೊಮ್ಮೆಯಾದರೂ ಡಾಕ್ಟರ ಮುಂದೆ ಕಾಲುಚೀಲ ಬಿಚ್ಚಿ. ಅವರು ಕೇಳದಿದ್ದರೂ ಬಿಚ್ಚಿ.