ಪಿಶಾಚಶೃಂಗಾರ ಮೀಮಾಂಸೆ

ಪ್ರತಿಜ್ಞೆ: ಜನ್ಮಾಂತರದ ಜೋಡಿಗಳ ಭಯಾನಕ ಪ್ರೇಮಕಥೆಯನ್ನು ರಾತ್ರಿ ಎರಡು ಗಂಟೆಯವರೆಗೆ ಓದುವುದು ಚಟವಲ್ಲ, ಶಾಸ್ತ್ರಾಧ್ಯಯನ ಎಂದು ಇಲ್ಲಿ ಸಾಧಿಸಲಾಗುವುದು. ಆಕರಗಳು ಎರಡು. ಒಂದು, 7ನೆಯ ಶತಮಾನದ ಬಾಣಭಟ್ಟನ ‘ಕಾದಂಬರಿ’. ನಮ್ಮ ನಾಗವರ್ಮ ಇದನ್ನು ಚಂಪುವಾಗಿ ಕನ್ನಡಕ್ಕೆ ತಂದಿದ್ದಾನೆ. ಇನ್ನೊಂದು, 2005ರಲ್ಲಿ ಬಂದ ಸ್ಟೆಫನಿ ಮೆಯರ್ ಅವರ ‘ಟ್ವೈಲೈಟ್’. ಮೊದಲನೆಯದನ್ನು ವಿದ್ವಾಂಸರು ಕಪಾಟಿನಲ್ಲಿಡುತ್ತಾರೆ, ಎರಡನೆಯದನ್ನು ದಿಂಬಿನ ಕೆಳಗೆ.

ಪೂರ್ವಪಕ್ಷ: ಶೃಂಗಾರರಸಕ್ಕೂ ಭಯಾನಕರಸಕ್ಕೂ ಆಗಿಬರುವುದಿಲ್ಲ. 14ನೆಯ ಶತಮಾನದಲ್ಲೇ ‘ಸಾಹಿತ್ಯದರ್ಪಣ’ದ ವಿಶ್ವನಾಥ ಶೃಂಗಾರದ ವಿರೋಧಿಗಳ ಪಟ್ಟಿಯಲ್ಲಿ ಭಯಾನಕವನ್ನೂ ಸೇರಿಸಿದ್ದಾನೆ. ಆದ್ದರಿಂದ ಇಂಥ ಪುಸ್ತಕ ಓದಿ ಯಾರಿಗೂ ಸಂತೋಷವಾಗುವುದು ಸಾಧ್ಯವಿಲ್ಲ.

ಖಂಡನೆ: ಆಗುತ್ತಿದೆಯಲ್ಲ! ವಿಶ್ವನಾಥ ಪಾಪ, ‘ಟ್ವೈಲೈಟ್’ ನಡೆಯುವ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆಯೂರನ್ನು ನೋಡಿದವನಲ್ಲ. ಅಲ್ಲಿನ ನಾಯಕ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. 1918ರ ಸ್ಪ್ಯಾನಿಷ್ ಫ್ಲೂನಲ್ಲಿ ಸಾಯುವ ಹೊತ್ತಿಗೆ ರಕ್ತಪಿಶಾಚಿಯಾದವನು, ಇಂದಿಗೂ 17ರ ಹುಡುಗ, ಇಂದಿಗೂ ಹೈಸ್ಕೂಲು. ರಾತ್ರಿ ಕಿಟಕಿಯಿಂದ ಒಳನುಗ್ಗಿ ನಾಯಕಿ ಬೆಲ್ಲಾ ಮಲಗಿರುವುದನ್ನು ನೋಡುತ್ತ ಕೂರುತ್ತಾನೆ. ನಮ್ಮ ಬೀದಿಯಲ್ಲಾದರೆ ಇಂಥವನಿಗೆ ಮೊದಲು ನಾಯಿ, ಆಮೇಲೆ ಎದುರುಮನೆ ಅಂಕಲ್ ಟಾರ್ಚು, ಕಡೆಗೆ 112. ವಿಭಾವ, ಅಂದರೆ ರಸ ಹುಟ್ಟಿಸುವ ಕಾರಣ, ಒಂದೇ; ಅಂಕಲ್‌ಗೆ ಭಯಾನಕ, ಓದುವವಳಿಗೆ ಶೃಂಗಾರ. ಮೇಲಾಗಿ ವರನಲ್ಲಿ ದೋಷ ಹುಡುಕುವುದೂ ಕಷ್ಟ. ತಂದೆ ಡಾಕ್ಟರು. ಮನೆಮಂದಿಯೆಲ್ಲ ಪ್ರಾಣಿರಕ್ತದಲ್ಲೇ ತೃಪ್ತರು, ಅದನ್ನೇ ಸಸ್ಯಾಹಾರ ಎಂದು ಕರೆದುಕೊಳ್ಳುತ್ತಾರೆ. ನಿದ್ದೆಯೇ ಇಲ್ಲದ್ದರಿಂದ ಗೊರಕೆಯ ಪ್ರಶ್ನೆಯಿಲ್ಲ. ನಾಡಿ ಸಿಗುವುದಿಲ್ಲ ಎಂಬುದೊಂದೇ ಕೊರತೆ.

ಮರು ಆಕ್ಷೇಪ: ಆತ್ಮಗಳು ಮೊದಲೇ ಜೋಡಿಯಾಗಿದ್ದರೆ ಸೇರಿಯೇ ಸೇರುತ್ತವೆ. ಇನ್ನು ಕುತೂಹಲ ಎಲ್ಲಿಯದು?

ಸಿದ್ಧಾಂತ: ಇದಕ್ಕೆ ‘ಕಾದಂಬರಿ’ಯೇ ಉತ್ತರ. ಮಹಾಶ್ವೇತೆಯ ಪ್ರಿಯ ಪುಂಡರೀಕ ವಿರಹದಲ್ಲಿ ಪ್ರಾಣ ಬಿಡುತ್ತಾನೆ. ದಿವ್ಯಪುರುಷನೊಬ್ಬ ಆಕಾಶದಿಂದಿಳಿದು, ಮತ್ತೆ ಕೂಡುವಿರಿ ಎಂದು ಭರವಸೆ ಕೊಟ್ಟು ದೇಹವನ್ನು ಎತ್ತಿಕೊಂಡು ಹೋಗುತ್ತಾನೆ. ಅವಳು ಅಚ್ಛೋದ ಸರೋವರದ ದಂಡೆಯಲ್ಲಿ ತಪಸ್ಸಿಗೆ ಕೂರುತ್ತಾಳೆ. ಕೊನೆಗೆ ಪುಂಡರೀಕ ವೈಶಂಪಾಯನನಾಗಿ ಹುಟ್ಟಿ, ಯಾಕೆಂದು ತನಗೇ ತಿಳಿಯದ ಸೆಳೆತದಿಂದ ಅವಳೆದುರು ಬಂದು ನಿಂತು ಪ್ರೇಮ ನಿವೇದಿಸುತ್ತಾನೆ. ಅವಳೇನು ಮಾಡಿದಳು? ಯಾವನೋ ಪೋಲಿ ಗಿಣಿಯ ಹಾಗೆ ಬಡಬಡಿಸುತ್ತಿದ್ದಾನೆಂದು ಸಿಟ್ಟಾಗಿ, ಗಿಣಿಯಾಗಿಯೇ ಹುಟ್ಟು ಎಂದು ಶಪಿಸಿದಳು! ಯಾರಿಗಾಗಿ ಕಾದಿದ್ದಳೋ ಅವನನ್ನೇ. ಫೋರ್ಕ್ಸಿನಲ್ಲೂ ಕಥೆ ಇದೇ: ಊರವರ ಮನಸ್ಸನ್ನೆಲ್ಲ ಓದಬಲ್ಲ ಎಡ್ವರ್ಡಿಗೆ ಬೆಲ್ಲಾಳದೊಂದು ಓದಲಾಗದು, ಬಯಾಲಜಿ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತು ಮುಖ ಸಿಂಡರಿಸುವ ಅವನನ್ನು ಕಂಡು, ಇವನಿಗೆ ನನ್ನನ್ನು ಕಂಡರಾಗದು ಎಂದುಕೊಳ್ಳುತ್ತಾಳೆ ಅವಳು.

ಆದ್ದರಿಂದ ಸೇರುವರೇ ಎಂಬುದು ಪ್ರಶ್ನೆಯೇ ಅಲ್ಲ, ಗುರುತು ಹಿಡಿಯುವರೇ ಎಂಬುದು ಪ್ರಶ್ನೆ. ಗುರುತು ಸಿಕ್ಕಿರುವುದು ಓದುತ್ತಿರುವವಳಿಗೆ ಮಾತ್ರ. “ಅಯ್ಯೋ, ಅವನೇ ಕಣೇ!” ಎಂದು ಕೂಗಿದರೆ ಪುಟದಾಚೆಗೆ ಕೇಳಿಸದು, ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಈ ಸಂಕಟವೇ ರಸ.

ಪುಷ್ಟಿ: ಬಾಣ ಕಥೆ ಮುಗಿಸದೆಯೇ ತೀರಿಕೊಂಡ. ಅರ್ಧಕ್ಕೆ ನಿಂತದ್ದಕ್ಕೆ ಸಹೃದಯರು ಪಟ್ಟ ದುಃಖ ನೋಡಲಾರದೆ ಮುಂದುವರಿಸುತ್ತಿದ್ದೇನೆ, ಕವಿಯೆಂಬ ಗರ್ವದಿಂದಲ್ಲ ಎಂದು ಮಗ ಭೂಷಣಭಟ್ಟ ಉತ್ತರಭಾಗದಲ್ಲಿ ಹೇಳಿಕೊಂಡಿದ್ದಾನೆ. ಎರಡನೆಯ ಭಾಗ ಯಾವಾಗ ಎಂದು ಲೇಖಕರ ಮನೆಮಂದಿಯನ್ನು ಪೀಡಿಸುವ ಪರಂಪರೆಗೆ ಇಷ್ಟು ವಯಸ್ಸಾಗಿದೆ.

ಫಲಶ್ರುತಿ: ಇದನ್ನು ಪಠಿಸಿದವರಿಗೆ ತಡರಾತ್ರಿ ಲೈಟು ಉರಿಸಿದ ಪಾಪ ತಟ್ಟದು. ಓದುತ್ತಿರುವವರಿಗೆ ಕೊನೆಯಲ್ಲೇನಾಯಿತೆಂದು ಮೊದಲೇ ಹೇಳಿಬಿಡುವವರು ಮಾತ್ರ ಮುಂದಿನ ಜನ್ಮದಲ್ಲಿ ವೈಶಂಪಾಯನನ ಹಾಗೆ ಗಿಣಿಯಾಗಿ ಹುಟ್ಟಿ, ಶೂದ್ರಕ ಮಹಾರಾಜನ ಆಸ್ಥಾನದಲ್ಲಿ ಇಡೀ ಕಥೆಯನ್ನು ಮೊದಲಿನಿಂದ, ಒಂದು ಸಮಾಸವನ್ನೂ ಬಿಡದೆ ಹೇಳತಕ್ಕದ್ದು.