ಕಾಲರ್ ಹಾಕಿದ ಕಾಕಾ

ಕೊರಳ ಆಪರೇಷನ್ ಆದವರಿಗೆ ನಮ್ಮ ಡೋಣಿ ಕಷ್ಟದ ಊರು. ಕಪ್ಪತಗುಡ್ಡದ ಬುಡದಲ್ಲಿದ್ದೇವೆ, ಏನು ನೋಡಬೇಕೆಂದರೂ ತಲೆ ಎತ್ತಲೇಬೇಕು. ಕಾಕಾ ಕಾಲರ್ ಹಾಕಿಕೊಂಡು ಬಂದಾಗಿನಿಂದ, ಕರೆದರೆ ಇಡೀ ಮೈ ತಿರುಗಿಸಿಯೇ "ಏನಪಾ?" ಅನ್ನುತ್ತಾರೆ. ಇಷ್ಟು ಮರ್ಯಾದೆ ಅವರಿಂದ ಹಿಂದೆ ಯಾರಿಗೂ ಸಿಕ್ಕಿದ್ದಿಲ್ಲ.

ಕತ್ತಿನಲ್ಲಿರುವುದು ಏಳೇ ಎಲುಬು, ಜಿರಾಫೆಗೂ ಅಷ್ಟೇ. ಹೊರಬೇಕಾದ ತಲೆಯೇ ಸುಮಾರು 5 ಕಿಲೋ, ಅದರ ಮೇಲೆ ಮೇವಿನ ಹೊರೆ ಬೇರೆ! ಡಾಕ್ಟರು ಸದ್ಯಕ್ಕೆ ಹೊರೆ, ಗಳೇವು, ಬೈಕು ಎಲ್ಲ ಬೇಡವೆಂದು ನಡಿಗೆಯೊಂದನ್ನು ಉಳಿಸಿದ್ದಾರೆ.

"ಕಾಲಿಲೆ ನಡದರ ಕೊಳ್ಳು ಹೆಂಗ ನೆಟ್ಟಗಾಕ್ಕೈತಿ?" ಕಾಕೂನ ತಕರಾರು.

ನಡೆದರೆ ರಕ್ತ ಚೆನ್ನಾಗಿ ಓಡುತ್ತದೆ, ಕಾಲಲ್ಲಿ ಹೆಪ್ಪುಗಟ್ಟುವ ಭಯ ತಗ್ಗುತ್ತದೆ, ಮಲಗಿ ಮಲಗಿ ಮೈ ಸೋಲುವುದಿಲ್ಲ. ಆದರೆ ಕಟ್ಟೆ ಮೇಲಿನ ವೈದ್ಯರು ಬಿಡಬೇಕಲ್ಲ! "ಗುಡ್ಡದ ಬೇರು ತೇದು ಹಚ್ಚಿ ತಿಕ್ಕಸ್ರಿ." ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು ನಿಜ, 2019ರಲ್ಲಿ ವನ್ಯಜೀವಿಧಾಮವೂ ಆಯಿತು, ಹಸಿ ಹೊಲಿಗೆಯ ಕೊರಳು ತಿಕ್ಕಲು ಅದೇನೂ ಪರವಾನಗಿಯಲ್ಲ.

ಸಂಜೆ ಕಾಕಾ ನಡೆಯುವುದು ಕಂಡರೆ, ದಯವಿಟ್ಟು ಹಿಂದಿನಿಂದ ಕೂಗಬೇಡಿ. ಮುಂದೆ ಬಂದು ಮಾತಾಡಿಸಿ.